ಅಜ್ಜಿ ಕೈ ಮುಗಿದ ಸಿಂಹಮುಖ

ನಾನು ಹುಟ್ಟಾ ಪುಕ್ಕಲಿ. ಇವತ್ತಿಗೂ ಯಾರಾದರೂ ಮುಖವಾಡ ಹಾಕಿಕೊಂಡು ಎದುರು ಬಂದರೆ ನನ್ನ ಎದೆ ಡವಡವ ಅನ್ನುತ್ತದೆ. ನಗುವವರು ನಗಲಿ, ಇಂಥದ್ದು ಅವರ ಮನೆಯಲ್ಲಿ ನಡೆದಿದ್ದರೆ ಗೊತ್ತಾಗುತ್ತಿತ್ತು.

ವಯನಾಡು ಆಗಷ್ಟೇ ಜಿಲ್ಲೆಯಾಗಿತ್ತು. ಮುಳ್ಳನ್‌ಕೊಲ್ಲಿಯ ಹತ್ತಿರ ನಮ್ಮ ಮನೆ. ಒಳಗೆ ಕನ್ನಡ, ಅಂಗಳ ದಾಟಿದರೆ ಮಲಯಾಳ. ಶಾಲೆಯ ವಾರ್ಷಿಕೋತ್ಸವಕ್ಕೆ ಮಾಷ್, ಅಂದರೆ ನಮ್ಮ ಮೇಷ್ಟ್ರು, ಲೋಕದ ದೇವರುಗಳನ್ನೆಲ್ಲ ಒಂದೇ ವೇದಿಕೆಗೆ ಹತ್ತಿಸುವ ನಾಟಕ ಮಾಡಿಸಿದರು. ಗ್ರೀಸಿನ ಸಿಡಿಲಿನ ದೇವರು, ಹಿಮದ ನಾಡಿನ ಸುತ್ತಿಗೆ ಹಿಡಿದ ದೇವರು, ಈಜಿಪ್ಟಿನ ಸಿಂಹಮುಖದ ದೇವಿ. ಆ ದೇವಿಯಾಗಿದ್ದವಳು ನನ್ನ ಅಕ್ಕ. ರಟ್ಟಿನ ಮುಖಕ್ಕೆ ತೆಂಗಿನ ನಾರಿನ ಕೇಸರ ಅಂಟಿಸಿದ್ದರು. ಅಜ್ಜಿಗೆ ಅಕ್ಕ ನಾಟಕದಲ್ಲಿದ್ದಾಳೆ ಅನ್ನುವುದಷ್ಟೇ ಗೊತ್ತಿತ್ತು.

ನಮ್ಮಲ್ಲಿ ದೇವಿಯ ಮುಖ ಕಟ್ಟುವುದು ಆಟದ ಮಾತಲ್ಲ. ಗದ್ದೆಯಂಚಿನಲ್ಲಿ ದೇವರಿಗೆಂದು ಬಿಟ್ಟ ಮರಗಳ ತೋಪಿದೆ, ಅದನ್ನು ಕಾವು ಅನ್ನುತ್ತೇವೆ. ವರ್ಷಕ್ಕೊಮ್ಮೆ ಅಲ್ಲಿ ಒಬ್ಬರು ಮುಖ ಕಟ್ಟುತ್ತಾರೆ. ಹಿರಿಯ ಹೆಂಗಸು ತಲೆಗೆ ಅಕ್ಕಿ ಹಾಕಿ ಬಂದ ಕಾರಣ ಕೇಳಿದರೆ ದೇವಿಯನ್ನು ಬರಮಾಡಿಕೊಂಡ ಹಾಗೆ. ಕಳಿಸುವಾಗ ಊರಿನ ಎಲ್ಲೆಯಲ್ಲಿ ಅರಿಶಿನ, ಸುಣ್ಣ ಕಲಸಿದ ಕೆಂಪು ನೀರು ಚೆಲ್ಲಬೇಕು. ಆಮೇಲೆ ಮುಖ ಬಿಚ್ಚಿದವರನ್ನು ನೀನು ಯಾರ ಮಗ ಎಂದು ಕೇಳಬೇಕು. ಉತ್ತರ ಹೇಳಿದ ಮೇಲೇ ಅವರು ಮತ್ತೆ ಮನುಷ್ಯರು. ಅಲ್ಲಿಯವರೆಗೆ ಎಲ್ಲೆ ದಾಟುವಂತಿಲ್ಲ.

ನಾಟಕದ ದಿನ ಅಜ್ಜಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಸಿಂಹಮುಖ ಕಂಡದ್ದೇ ತಡ, ಎದ್ದು ವೇದಿಕೆ ಹತ್ತಿದಳು. ಸೆರಗಿನ ಗಂಟಿನ ಅಕ್ಕಿಯನ್ನು ಆ ತಲೆಯ ಮೇಲೆ ಹಾಕಿ, ಕೈ ಮುಗಿದು, ಯಾಕೆ ಬಂದೆ ತಾಯಿ ಎಂದು ಕೇಳಿಬಿಟ್ಟಳು. ಜನ ಗೊಳ್ಳೆಂದು ನಕ್ಕರು. ಮಾಷ್ ಓಡಿ ಬಂದು ಮುಖ ಕಿತ್ತರು. ಒಳಗಿದ್ದ ಮೊಮ್ಮಗಳನ್ನು ನೋಡಿ ಅಜ್ಜಿಯ ಮುಖ ಬಿಳುಚಿಕೊಂಡಿತು.

ಸಂಜೆಯೊಳಗೆ ಅಕ್ಕನಿಗೆ ಪನಿ ಏರಿತು. ಮೈ ಮುಟ್ಟಿದರೆ ಕೈ ಸುಡುವಷ್ಟು ಜ್ವರ. ಅಪ್ಪ ಆಸ್ಪತ್ರೆಗೆಂದು ಜೀಪು ತಂದರೆ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

"ಕರೆದು ಕೂರಿಸ್ದವಳು ನಾನು. ಕಳಿಸ್ದೆ ಎಲ್ಲೆ ದಾಟಿಸಿದ್ರೆ ಮೋಳು, ನಮ್ಮ ಮಗು, ಉಳಿಯಲ್ಲ."

ತನ್ನ ಅಮ್ಮನ ಮಾತಿಗೆ ಎದುರಾಡಿ ಗೊತ್ತಿಲ್ಲದ ಅಪ್ಪ ಜೀಪಿನ ಬಳಿಯೇ ನಿಂತುಬಿಟ್ಟರು. ಇವರಿಬ್ಬರ ನಡುವೆ ನನ್ನ ಅಕ್ಕ ಸತ್ತೇಹೋಗುತ್ತಾಳೆ ಅನ್ನಿಸಿ ನಾನು ಅಳತೊಡಗಿದೆ. ಪರದೇಶದ ಆ ದೇವಿಯನ್ನು ಕಳಿಸುವುದು ಹೇಗೆಂದು ಅಜ್ಜಿಗೂ ಗೊತ್ತಿರಲಿಲ್ಲ. ಕೇಳಿಕೊಂಡು ಬಾ ಎಂದು ಪಕ್ಕದಲ್ಲೇ ಇದ್ದ ಮಾಷ್ ಮನೆಗೆ ನನ್ನನ್ನು ಅಟ್ಟಿದಳು.

ಮಾಷ್ ಮೊದಲು ನಕ್ಕರು, ನನ್ನ ಅಳು ನೋಡಿ ಗಂಭೀರವಾಗಿ ಆ ದೇವಿಯ ಕಥೆ ಹೇಳಿದರು. ಆ ದೇವಿ ಮನುಷ್ಯರನ್ನು ಕೊಲ್ಲಲು ಶುರು ಮಾಡಿ ನಿಲ್ಲಿಸಲೇ ಇಲ್ಲವಂತೆ. ಕೊನೆಗೆ ಹೊಲದ ತುಂಬ ಕೆಂಪು ಬಣ್ಣ ಬೆರೆಸಿದ ಮದ್ಯ ಸುರಿದರಂತೆ. ರಕ್ತವೆಂದು ಕುಡಿದು ನಿದ್ದೆ ಹೋದಳಂತೆ.

ಓಡಿ ಬರುವಾಗ ನನ್ನ ಹೆದರಿಕೆ ಇಮ್ಮಡಿಯಾಗಿತ್ತು. ನಮ್ಮ ಕೆಂಪು ನೀರು ಆ ದೂರದವರಿಗೆ ಹೇಗೆ ಗೊತ್ತು? ಹಾಗಿದ್ದರೆ ಅವಳು ನಿಜವಾಗಿಯೂ ಬಂದಿದ್ದಾಳೆಯೇ? ಅಜ್ಜಿ ಕಣ್ಣು ಮುಚ್ಚಿ ಕೇಳಿಸಿಕೊಂಡಳು. ಹಾಗಾದರೆ ಅವಳೂ ನಮ್ಮವಳೇ ಅಂದು, ಅರಿಶಿನಕ್ಕೆ ಸುಣ್ಣ ಕಲಸಿ, ತಾನೂ ಜೀಪು ಹತ್ತಿದಳು. ನಾನೂ ಅವಳ ಸೆರಗು ಹಿಡಿದು ಹತ್ತಿದೆ.

ಎಲ್ಲೆಯಲ್ಲಿ ನನ್ನೊಂದಿಗೆ ಇಳಿದು ನೀರು ಚೆಲ್ಲಿದಳು. ಜೀಪಿನೊಳಗೆ ಬಗ್ಗಿ, ನೀನು ಯಾರ ಮಗಳು ಎಂದು ಕೇಳಿದಳು. ಅಮ್ಮನ ತೊಡೆಯ ಮೇಲಿದ್ದ ಅಕ್ಕ ಅರೆಗಣ್ಣು ಬಿಟ್ಟಳೇ ಹೊರತು ಉತ್ತರ ಕೊಡಲಿಲ್ಲ. ಅಪ್ಪ ಇನ್ನು ಕಾಯಲಿಲ್ಲ. ನಮ್ಮಿಬ್ಬರನ್ನು ದಾರಿಯಲ್ಲೇ ಬಿಟ್ಟು ಜೀಪು ಹೋಯಿತು.

ಅವರು ವಾಪಸು ಬರುವವರೆಗೆ ಅಜ್ಜಿ ಸರಿಯಾಗಿ ಉಣ್ಣಲಿಲ್ಲ. ಅಕ್ಕ ಬದುಕಿದ್ದಾಳೆ ಎಂಬ ಸುದ್ದಿ ಬಂದರೂ ನನಗೆ ಸಮಾಧಾನವಿಲ್ಲ. ಉತ್ತರ ಹೇಳದೆ ಎಲ್ಲೆ ದಾಟಿದವಳು ಅವಳು. ತಿರುಗಿ ಬರುವುದು ಯಾರೋ!

ಅಕ್ಕ ಬಂದಾಗ ಕಡ್ಡಿಯಾಗಿದ್ದಳು. ಹೊಸ್ತಿಲಲ್ಲಿ ಕೆಂಪು ನೀರಿನ ಪಾತ್ರೆ ಹಿಡಿದು ಅಜ್ಜಿ ಮತ್ತೆ ಅದೇ ಪ್ರಶ್ನೆ ಕೇಳಿದಳು. ಅಕ್ಕ ಅವಳನ್ನೇ ನೋಡಿದಳು. ನಾನು ಬಾಗಿಲ ಹಿಂದೆ ಅವಿತುಕೊಂಡೆ.

"ನಿನ್ನ ಮಗನ ಮಗಳು ಅಜ್ಜಿ," ಅಂದಳು ಅಕ್ಕ. "ಅವತ್ತು ನೀನು ಕೈ ಮುಗಿದಾಗ, ಒಳಗಿರೋದು ನಾನು ಅಂತ ನಿಂಗೇ ಗೊತ್ತಾಗ್ಲಿಲ್ಲ. ಅದಕ್ಕೇ ನಾನು ಹೆದರಿದ್ದು."

ಪಾತ್ರೆ ಅಜ್ಜಿಯ ಕೈಜಾರಿತು. ಕೆಂಪು ನೀರು ಹೊಸ್ತಿಲ ತುಂಬ ಹರಿಯುತ್ತಿದ್ದರೂ ಅದನ್ನು ತುಳಿದುಕೊಂಡೇ ಅಕ್ಕನನ್ನು ಒಳಗೆಳೆದು ಅಪ್ಪಿಕೊಂಡಳು. ಆಮೇಲೆ ಪ್ರತಿವರ್ಷ ಕಾವಿನಲ್ಲಿ, ಮುಖ ಕಟ್ಟಿದವರಿಗೆ ಅಕ್ಕಿ ಹಾಕುವಾಗ, ಅಜ್ಜಿಯ ಇನ್ನೊಂದು ಕೈ ಅಕ್ಕನ ಕೈಯನ್ನು ಹಿಡಿದಿರುತ್ತಿತ್ತು.