ಶೆಡ್ಡಿನ ಮೂಗು

ನಿನ್ನೆ ಬೆಳಿಗ್ಗೆ ನಮ್ಮ ಮನೆಯವರು ದೇವರ ದೀಪ ಹಚ್ಚಲು ಕಡ್ಡಿ ಗೀರಿದರು. ಗಾಳಿಗೆ ಕಡ್ಡಿ ಆರಿತು, ವಾಸನೆ ಆರಲಿಲ್ಲ. ಆ ಖಾರವಾದ ಘಾಟು ನನ್ನನ್ನು ಎತ್ತಿ ಹೊರ್ತಿಯ ಹತ್ತಿರದ ಒಣದ್ರಾಕ್ಷಿ ಶೆಡ್ಡಿನಲ್ಲಿ ಕೂಡಿಸಿತು.

ಶೆಡ್ಡು ನನ್ನ ಸೋದರಮಾವನ ಮಗ ಗುರುಪಾದನದು. ನಿವೃತ್ತನಾದ ಹೊಸದರಲ್ಲಿ, ದ್ರಾಕ್ಷಿ ಹಂಗಾಮಿಗೆ, ಇಂಡಿಯಿಂದ ಅಲ್ಲಿಗೆ ಹೋಗಿ ಕೂಡುವುದು ನನ್ನ ರೂಢಿಯಾಗಿತ್ತು. ನನಗೆ ಅಲ್ಲಿ ಕೆಲಸವಿರಲಿಲ್ಲ. ಖುರ್ಚಿಗೆ ಇತ್ತು, ನನ್ನನ್ನು ಹೊರುವುದು.

ದ್ರಾಕ್ಷಿ ಒಣಗುವಾಗ ಕಪ್ಪಾದರೆ ಪೇಟೆಯಲ್ಲಿ ಯಾರೂ ಮುಟ್ಟುವುದಿಲ್ಲ, ಬಂಗಾರದ ಬಣ್ಣ ಬೇಕು. ಅದಕ್ಕೆ ಟ್ರೇಗಳನ್ನು ತಗಡಿನ ಕೋಣೆಯಲ್ಲಿ ಪೇರಿಸಿ, ಕಬ್ಬಿಣದ ಬೋಗುಣಿಯಲ್ಲಿ ಗಂಧಕ ಉರಿಸಿ, ಬಾಗಿಲು ಮುಚ್ಚುತ್ತಿದ್ದರು. ಸಂದಿನಿಂದ ಇಣುಕಿದರೆ ಕತ್ತಲೆಯಲ್ಲಿ ಒಂದು ನೀಲಿ ಉರಿ ಸದ್ದಿಲ್ಲದೆ ಕೂತಿರುತ್ತಿತ್ತು. ಅಷ್ಟು ಸಿಹಿ ತುಂಬಿದ ಜಾಗದಲ್ಲಿ ಒಂದು ನೊಣವಿಲ್ಲ, ಇರುವೆಯಿಲ್ಲ, ಗೋಡೆಗೆ ಹಲ್ಲಿಯಿಲ್ಲ. ಇಂಥ ಸ್ವಚ್ಛತೆಗಾಗಿ ನಾನು ಗುರುಪಾದನನ್ನು ಹೊಗಳುತ್ತಿದ್ದೆ. ನನ್ನ ಬುದ್ಧಿಯ ಅಳತೆ ನಿಮಗೆ ಸಿಕ್ಕಿರಬೇಕು.

ಹೊಗೆ ಹೋಯಿತೋ ಇಲ್ಲವೋ ಹೇಳುವುದು ಹಳೆಯ ಆಳು ಲಾಲಸಾಬನ ಹುದ್ದೆ. ಬಾಗಿಲು ತೆರೆದು ಸ್ವಲ್ಪ ಹೊತ್ತು ಬಿಟ್ಟು, ಅವನು ತಲೆ ಒಳಗೆ ಹಾಕಿ, ಕಣ್ಣು ಮುಚ್ಚಿ, ದೀರ್ಘವಾಗಿ ಉಸಿರೆಳೆದು, ಹೈಕೋರ್ಟಿನ ಗಾಂಭೀರ್ಯದಲ್ಲಿ ತೀರ್ಪು ಕೊಡುತ್ತಿದ್ದ: “ಹೋಗೈತಿ. ಬರ್ರಿ.” ಆಮೇಲೆಯೇ ಹೆಣ್ಣಾಳುಗಳು ಟ್ರೇ ತೆಗೆಯಲು ಒಳಗೆ ಹೋಗುತ್ತಿದ್ದರು. ಗುರುಪಾದ ಮಾಸ್ಕ್ ತರಿಸಿದ್ದ. ಅವು ಮೊಳೆಗೆ ತೂಗುತ್ತ ಧೂಳು ಕುಡಿಯುತ್ತಿದ್ದವು. ಹಾಕಿಕೋ ಎಂದರೆ ಲಾಲಸಾಬ ನಗುತ್ತಿದ್ದ. “ಮೂಗ ಕಟ್ಟಿದ್ರ ವಾಸನಿ ಹೆಂಗ ನೋಡ್ಲಿರಿ, ಸಾವಕಾರ್ರ?”

ಅವನ ಹೆಂಡತಿ ಮಾಬೂಬಿಯೂ ಅಲ್ಲೇ ಕೆಲಸಕ್ಕಿದ್ದಳು. ಒಮ್ಮೆ ಚಾ ಹೊತ್ತಿನಲ್ಲಿ ಎಲ್ಲರ ಮುಂದೆ ಗಂಡನ ಮರ್ಯಾದೆ ತೆಗೆದಳು. “ಶೆಡ್ಡಿನ್ಯಾಗ ಭಾರಿ ಮೂಗ್ರಿ ಇವರ್ದು. ಮನ್ಯಾಗ ಬ್ಯಾಳಿ ಹತ್ತಿ ಕರಕಾದ್ರೂ ಬಾಜೂಕ ಕುಂತಿರ್ತಾರ, ಗೊತ್ತಾಗಂಗಿಲ್ಲ.” ಎಲ್ಲರೂ ನಕ್ಕೆವು. ಗಂಡಸಿನ ಮೂಗು ಮನೆಯಲ್ಲಿ ರಜೆಯ ಮೇಲಿರುತ್ತದೆ ಎಂದು ನಾನೂ ಒಂದು ಸೂಕ್ತಿ ಉದುರಿಸಿದೆ.

ಆ ಹಂಗಾಮಿನ ಕೊನೆಯಲ್ಲಿ, ಒಂದು ಮಧ್ಯಾಹ್ನ, ಎಂದಿನಂತೆ ತೀರ್ಪು ಬಂತು. ಮೊದಲು ಮಾಬೂಬಿ ಒಳಗೆ ಹೋದಳು, ಹಿಂದೆ ಲಾಲಸಾಬ. ಟ್ರೇ ಬಿದ್ದ ಸದ್ದಾಯಿತು. ಅವಳು ಬಾಗಿಲು ಹಿಡಿದು ಹೊರಗೆ ಬಂದು, ಮುಂದಕ್ಕೆ ಬಾಗಿ, ಬಾಯಿ ತೆರೆದು ನಿಂತಳು. ಉಸಿರು ಒಳಗೆ ಹೋಗಲೊಲ್ಲದು. ಉಳಿದ ಹೆಂಗಸರು ಅವಳನ್ನು ನೆರಳಿಗೆ ಒಯ್ದರು. ಬಾಗಿಲಿಗೆ ಓಡಿದ ನನ್ನ ಮುಖಕ್ಕೆ ಯಾರೋ ಮೆಣಸಿನಪುಡಿ ಎರಚಿದಂತಾಯಿತು. ಒಳಗೆ ಲಾಲಸಾಬ ಟ್ರೇಗಳ ನಡುವೆ ಆರಾಮಾಗಿ ನಿಂತಿದ್ದ. ಕಣ್ಣೀರು ಧಾರೆಯಾಗಿ ಗಡ್ಡಕ್ಕೆ ಇಳಿಯುತ್ತಿತ್ತು. ಅದು ಬೇರೆ ಯಾರದೋ ಕಣ್ಣೀರು ಎಂಬಂತೆ ಅವನು ಒರೆಸಿಕೊಳ್ಳಲೂ ಇಲ್ಲ.

“ಏನೂ ಇಲ್ಲಲ್ರಿ ಇಲ್ಲೆ,” ಎಂದ. ಮತ್ತೊಮ್ಮೆ ಎದೆ ತುಂಬ ಉಸಿರೆಳೆದು ನೋಡಿದ. “ಏನೂ ಇಲ್ಲ.”

ಅಂಗಿ ಹಿಡಿದು ಎಳೆದುಕೊಂಡು ಬರಬೇಕಾಯಿತು.

ವರ್ಷಗಟ್ಟಲೆ ಗಂಧಕ ಕುಡಿದ ಮೂಗು ಯಾವತ್ತೋ ಸತ್ತಿದೆ ಎಂದರು ವಿಜಯಪುರದ ಡಾಕ್ಟರು. ಯಾವತ್ತು ಎಂಬುದು ಮೂಗಿನ ಯಜಮಾನನಿಗೇ ತಿಳಿದಿರಲಿಲ್ಲ. ಎಷ್ಟು ದಿನ ನಾವೆಲ್ಲ ಸತ್ತ ಮೂಗಿನ ಅಪ್ಪಣೆ ಪಾಲಿಸಿದೆವೋ! ಮಾಬೂಬಿಯ ಎದೆಯೂ ಅದೇ ಗಾಳಿ ಕುಡಿದು ಮೊದಲೇ ಸವೆದಿತ್ತು. ಆ ಮಧ್ಯಾಹ್ನದ್ದು ಕೊನೆಯ ಗುಟುಕು. ಇಬ್ಬರೂ ಕೆಲಸ ಬಿಟ್ಟರು. ಅವಳ ಉಸಿರು ಮಾತ್ರ ಪೂರ್ತಿ ಮರಳಲಿಲ್ಲ.

ಕಡ್ಡಿಯ ವಾಸನೆ ತಲೆಯಿಂದ ಇಳಿಯದ್ದಕ್ಕೆ ನಿನ್ನೆಯೇ ಊಟ ಮುಗಿಸಿ ಹೊರ್ತಿಯ ಬಸ್ಸು ಹತ್ತಿದೆ. ಅವರ ಮನೆಯ ಹೊಸ್ತಿಲಲ್ಲೇ ಆ ಸದ್ದು ಕೇಳಿಸಿತು: ಸಣ್ಣ ಸೀಟಿ, ಮುಚ್ಚಿದ ಕಿಟಕಿಯ ಸಂದಿನಲ್ಲಿ ಗಾಳಿ ನುಸುಳಿದಂತೆ. ಮಾಬೂಬಿ ದಿಂಬಿಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದಳು. ಲಾಲಸಾಬ ನನಗೆ ಚಾ ಕೊಟ್ಟು, ಅವಳ ಹಾಸಿಗೆಯ ಪಕ್ಕ ಕೂತು, ದನಿ ತಗ್ಗಿಸಿದ. “ಮೊದಲ ಈ ಸಪ್ಪಳಕ್ಕ ನನಗ ನಿದ್ದಿ ಬರ್ತಿದ್ದಿಲ್ರಿ. ಈಗ ಸಪ್ಪಳ ನಿಂತ್ರ ಅಂಜಿಕಿ ಬರ್ತೈತಿ.”

ಮಳೆ, ಬೆಳೆ, ಬಸ್ಸಿನ ಗದ್ದಲ ಎಂದು ನಾನು ಏನೇನೋ ಮಾತಾಡುತ್ತಿದ್ದೆ. ನಡುವೆ ಸೀಟಿ ನಿಂತಿತು. ಅವನು ಕೈ ಎತ್ತಿದ. ನನ್ನ ಕಪ್ಪು ಬಾಯಿಯ ಹತ್ತಿರವೇ ನಿಂತಿತು. ಹೊರಗೆ ಬೈಕೊಂದು ಹೋಯಿತು. ಅದರ ಸದ್ದು ದಾಟಿ ಹೋಗುವವರೆಗೆ ಇಬ್ಬರೂ ಅವಳ ಎದೆಯನ್ನೇ ನೋಡಿದೆವು. ನಾನೂ ಉಸಿರು ಹಿಡಿದಿದ್ದೇನೆಂದು ಕಿವಿ ಗುಂಯ್‌ಗುಡುವವರೆಗೆ ತಿಳಿಯಲಿಲ್ಲ.

ಆಮೇಲೆ ಅದು ಮತ್ತೆ ಬಂತು, ಸಣ್ಣಗೆ.

ಲಾಲಸಾಬ ಕೈ ಇಳಿಸಿದ. “ಕುಡೀರಿ,” ಎಂದ, “ಚಾ ಆರತೈತಿ.”