ಪದ್ಮಕ್ಕನ ಬೆನ್ನುರಿ

ಧಪ್, ಧಪ್ — ಗೋಕಾಕದ ನಮ್ಮ ಹಿತ್ತಲಲ್ಲಿ ಒಣಮೆಣಸಿನಕಾಯಿ ಕುಟ್ಟುತ್ತಿದ್ದ ಒನಕೆಯ ಆ ಸದ್ದಿನ ನಡುವೆಯೇ ನಾನು ಸುಳ್ಳು ಹೇಳಿದೆ. ನನ್ನ ನೆಗೆಣ್ಣಿ, ಭಾವನ ಹೆಂಡತಿ ಪದ್ಮಕ್ಕನ ನೋವು ನಿಜವೆಂದು ಗೊತ್ತಿದ್ದೂ ಹೇಳಿದೆ.

ತೊಂಬತ್ತರ ದಶಕದ ಒಂದು ಬೇಸಿಗೆ. ಅವಳ ಬೆನ್ನಿನ ಸರ್ಪಸುತ್ತು ಒಣಗಿ ತಿಂಗಳುಗಳಾಗಿದ್ದವು. ಆದರೂ ಸೆರಗು ತಾಗಿದರೆ ಸಾಕು, ಕೆಂಡ ಬಿದ್ದಂತೆ ಒದ್ದಾಡುತ್ತಿದ್ದಳು. ವರ್ಷದ ಖಾರ ಕುಟ್ಟಲು ಅವಳು ಬರಲಿಲ್ಲ. ಅತ್ತೆ ಕುಟ್ಟುತ್ತಲೇ ನನ್ನನ್ನು ಕೇಳಿದರು: “ನೀ ಕಾನ್ವೆಂಟಿನ್ಯಾಗ ಕಲತಾಕಿ. ಹೇಳು, ಇದು ಖರೇನ ಬ್ಯಾನಿಯೋ, ನಾಟಕೋ?”

“ಗಾಯಾನ ಇಲ್ಲಲ್ರಿ ಅತ್ತಿ. ಎಲ್ಲಾ ಮನಸಿಂದು.”

ಮದುವೆಗೆ ಮೊದಲು ನಾನೊಂದು ಲ್ಯಾಬ್‌ನಲ್ಲಿದ್ದೆ — ಮಂಗಗಳ ಮೆದುಳನ್ನು ತೆಳುವಾಗಿ ಕೊಯ್ದು ಬಣ್ಣ ಹಾಕುವ ಕೆಲಸ. ನೋವಿನ ಸುದ್ದಿ ಹೊರುವ ನರಗಳ ತುದಿಯಲ್ಲಿ ನ್ಯೂರೋಪೆಪ್ಟೈಡ್ ಎಂಬ ವಸ್ತು ಮೈಕ್ರೋಸ್ಕೋಪಿನಡಿ ಕಂದು ಚುಕ್ಕೆಗಳಾಗಿ ಮೂಡುತ್ತಿತ್ತು. ಸೋ ಬ್ಯೂಟಿಫುಲ್ ಅನ್ನಿಸುತ್ತಿತ್ತು. ಗಾಯ ಮಾಯ್ದ ಮೇಲೂ ನರ ಆ ಸುದ್ದಿ ಕಳಿಸುತ್ತಲೇ ಇರಬಹುದೆಂದು ಅಲ್ಲೇ ಕಲಿತಿದ್ದೆ. ಆದರೆ ಹೇಳಿದರೆ — ಎಲ್ಲಿ ನೋಡಿದೆ ಎಂದು ಕೇಳುತ್ತಿದ್ದರು. ಹುಳ ಬಿದ್ದು ಸತ್ತೀತೆಂದು ಕತ್ತಲಾದ ಮೇಲೆ ಊಟವನ್ನೇ ಮಾಡದ ಜೈನರ ಮನೆ. ಮಂಗನ ತಲೆ ಕೊಯ್ದ ಕೈಯ ಅಡುಗೆಯನ್ನು ಅಲ್ಲಿ ಯಾರೂ ಮುಟ್ಟುತ್ತಿರಲಿಲ್ಲ; ಆ ಕೆಲಸವನ್ನು ಮೊದಲಿನಿಂದಲೂ ಮುಚ್ಚಿಟ್ಟಿದ್ದೆ.

ನನ್ನ ಮಾತೇ ತೀರ್ಪಾಯಿತು. ಅವಳನ್ನು ಅವಳ ಗಂಡನೂ ನಂಬಲಿಲ್ಲ. ಮೈಗಳ್ಳಿ ಎನ್ನಿಸಿಕೊಂಡು ಪದ್ಮಕ್ಕ ಮೂಡಲಗಿಯ ತವರಿಗೆ ಹೋದಳು.

ಅತ್ತೆ ತೀರಿಕೊಂಡ ಮೇಲೆ — ಅದು ಧೈರ್ಯವಲ್ಲ, ಅನುಕೂಲ — ಮೂಡಲಗಿಗೆ ಹೋಗಿ ಪದ್ಮಕ್ಕನಿಗೆ ಎಲ್ಲ ಹೇಳಿದೆ. ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ಬರೆದುಕೊಟ್ಟ ಆಯಿಂಟ್‌ಮೆಂಟ್ ಮೆಣಸಿನಕಾಯಿಯ ಖಾರದ್ದೇ: ಮೊದಲು ಉರಿಸುತ್ತದೆ, ಹಚ್ಚುತ್ತ ಹೋದಂತೆ ನರದ ತುದಿಯಲ್ಲಿ ಆ ಪೆಪ್ಟೈಡ್ ಬರಿದಾಗುತ್ತದೆ.

“ಖಾರ ಕುಟ್ಟಲಿಲ್ಲಂತ ಬೈಸಿದಿ, ಈಗ ಅದನ್ನ ಬೆನ್ನಿಗೆ ಹಚ್ಚಾಕತ್ತಿ,” ಎಂದಳು. ನಕ್ಕಳೇನೋ ಅಂದುಕೊಂಡೆ. ಮರುಗಳಿಗೆ ಮೆಲ್ಲಗೆ, “ನನಗ ಹೇಳಿ ಏನ್ ಮಾಡ್ತಿ? ನನಗ ಗೊತ್ತೇ ಐತಿ. ಮಂದ್ಯಾಗ ಹೇಳು.”

ಹುಕ್ಕೇರಿಯ ಮದುವೆಮನೆಯಲ್ಲಿ, ನೆಂಟರೆಲ್ಲ ಕೂತಿದ್ದಾಗ, ಎದ್ದು ನಿಂತು ಹೇಳಿದೆ — ಲ್ಯಾಬು, ಮಂಗ, ನನ್ನ ಸುಳ್ಳು. ಕೆಲವರು ನನ್ನ ಪಕ್ಕದಿಂದ ಎದ್ದುಹೋದರು. ಹೋಗಲಿ. ಪದ್ಮಕ್ಕ ಮಾತ್ರ ಬಂದು ಆ ಖಾಲಿ ಜಾಗದಲ್ಲಿ ಕೂತಳು.

ಸಂಜೆ ಅವಳು ಮೂಡಲಗಿಯ ಬಸ್ಸು ಹತ್ತುವಾಗ ಗಾಳಿಗೆ ಸೆರಗು ಹಾರಿತು. ಅವಳು ಅದನ್ನು ಎಳೆದು ಬೆನ್ನ ತುಂಬ, ಬಿಗಿಯಾಗಿ ಹೊದ್ದುಕೊಂಡಳು. ಅವಳು ತವರಿನಲ್ಲೇ ಉಳಿದಳು, ನಾನು ಮತ್ತೆ ಅಲ್ಲಿಗೆ ಹೋಗಲಿಲ್ಲ; ಅವಳನ್ನು ನಾನು ನೋಡಿದ್ದು ಅದೇ ಕೊನೆ.