ಉಗುರಿನ ಸಂದಿಯ ಕೆಮ್ಮಣ್ಣು

ಬೆಳಗಿನ ಆರು ಗಂಟೆ. ಕೋಣಂದೂರಿನಿಂದ ಎಂಟು ಕಿಲೋಮೀಟರ್ ಒಳಗಿನ ಮನೆಯೊಂದರ ಅಡುಗೆಕೋಣೆಯಲ್ಲಿ ಆಶಾ ಕಾರ್ಯಕರ್ತೆ ಗುತ್ಯಮ್ಮ ಮಂಡಿಯೂರಿ, ಮೊಬೈಲ್ ಬೆಳಕಿನಲ್ಲಿ ಮಣ್ಣಿನ ಗೋಡೆ ನೋಡುತ್ತಿದ್ದಾರೆ. ಒಲೆಯ ಪಕ್ಕ, ನೆಲದಿಂದ ಒಂದೂವರೆ ಮೊಳ ಎತ್ತರದಲ್ಲಿ ನಾಲ್ಕು ಬೆರಳಿನ ಗೀರುಗಳು. ಹಸಿ ಗೀರುಗಳು.

"ದಿನಾ ಬೆಳಗಿನ ಜಾವ ಕೆರೆಯೋ ಸದ್ದು ಕೇಳ್ತದೆ. ಎದ್ದು ಬಂದ್ರೆ ಯಾರೂ ಇರಲ್ಲ" ಎನ್ನುತ್ತಾರೆ ಮನೆಯ ಹಿರಿಯಾಕೆ ದುರ್ಗಮ್ಮ, ದನಿ ತಗ್ಗಿಸಿ. ಬಾಗಿಲಿಗೆ ನಿಂಬೆಹಣ್ಣು ಕಟ್ಟಿದ್ದಾಗಿದೆ, ಗೋಡೆಗೆ ಮಂತ್ರಿಸಿದ ಬೂದಿ ಬಳಿದದ್ದಾಗಿದೆ.

ಗುತ್ಯಮ್ಮ ನಗುವುದಿಲ್ಲ. ಏಳು ತಿಂಗಳ ಬಸುರಿ ಸೊಸೆ ಶ್ರಾವ್ಯಾಳನ್ನು ಕರೆದು, ಕೈ ಹಿಡಿದು ಉಗುರು ನೋಡುತ್ತಾರೆ. ಸಂದಿಯಲ್ಲಿ ಕೆಮ್ಮಣ್ಣು. ಕಣ್ಣಿನ ಕೆಳರೆಪ್ಪೆ ಎಳೆದರೆ ಒಳಗೆ ಸುಣ್ಣದ ಬಿಳುಪು. ಹುಡುಗಿ ಅಳುತ್ತಾಳೆ. "ಒದ್ದೆ ಮಣ್ಣಿನ ವಾಸನೆ ಬಂದ್ರೆ ತಡೆಯಕ್ಕಾಗಲ್ಲ ಅಕ್ಕಾ. ತಿಂದು ಓಡಿಹೋಗಿ ಮಲಗ್ತೀನಿ."

ರಕ್ತ ತೀರಾ ಕಡಿಮೆಯಾದ ಬಸುರಿಯರಿಗೆ ಇಂಥ ಬಯಕೆ ಹುಟ್ಟುವುದುಂಟು. ಗುತ್ಯಮ್ಮ ಕೊಟ್ಟಿದ್ದ ಕಬ್ಬಿಣಾಂಶದ ಮಾತ್ರೆಗಳಲ್ಲಿ ಹೆಚ್ಚಿನವು ಅಕ್ಕಿಡಬ್ಬಿಯಲ್ಲೇ ಇವೆ. ಮಲ ಕಪ್ಪಗಾಯಿತೆಂದು ಹೆದರಿ ದುರ್ಗಮ್ಮ ನಿಲ್ಲಿಸಿದ್ದರು. ಮಗು ದಪ್ಪಗಾದರೆ ಹೆರಿಗೆ ಕಷ್ಟವೆಂದು ಸೊಸೆಯ ಊಟವನ್ನೂ ಅರ್ಧ ಮಾಡಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ! ಪರೀಕ್ಷೆ ಮಾಡಿಸಿದರೆ ಶ್ರಾವ್ಯಾಳ ಹಿಮೋಗ್ಲೋಬಿನ್ ಆರು, ಇರಬೇಕಾದ್ದು ಹನ್ನೊಂದು. ಈ ಸ್ಥಿತಿಯಲ್ಲಿ ಹೆರಿಗೆಯಾಗಿ ಸ್ವಲ್ಪ ರಕ್ತ ಹೋದರೂ ತಾಯಿ ಉಳಿಯುವುದು ಕಷ್ಟ.

ಗುತ್ಯಮ್ಮನಿಗೆ ಇದು ತರಬೇತಿಯಲ್ಲಿ ಬಂದ ವಿದ್ಯೆಯಲ್ಲ. ಇಪ್ಪತ್ತೆರಡು ವರ್ಷಗಳ ಹಿಂದೆ, ಸಾಗರದ ಕಡೆಯ ತವರಿನಲ್ಲಿ ಅಕ್ಕ ಶರಾವತಿ ಬಸುರಿಯಾಗಿದ್ದಾಗಲೂ ಗೋಡೆಯ ಬಳಿ ಹೀಗೇ ಸದ್ದಾಗುತ್ತಿತ್ತು. ಮನೆಯವರೆಲ್ಲ ದೆವ್ವವೆಂದು ನಡುಗಿದರು. ಅಕ್ಕ ನಾಚಿಕೆಯಿಂದ ಬಾಯಿ ಬಿಡಲಿಲ್ಲ. ಹೆರಿಗೆಯಲ್ಲಿ ರಕ್ತ ಹರಿದು ತಾಯಿ, ಮಗು ಇಬ್ಬರೂ ಹೋದರು. "ಅಕ್ಕಂಗೆ ಕೊನೇ ಸ್ನಾನ ಮಾಡ್ಸುವಾಗ ಕೈ ನಾನೇ ಹಿಡ್ಕೊಂಡಿದ್ದೆ. ಉಗುರು ತುಂಬ ಕೆಮ್ಮಣ್ಣು. ಗೋಡೆ ಕೆರೀತಿದ್ದದ್ದು ಯಾರು ಅಂತ ಆಗ ಗೊತ್ತಾಯ್ತು."

ಈಗ ಅವರ ಪಾಲಿಗೆ ಹನ್ನೆರಡು ಬಸುರಿಯರು, ದಿನಕ್ಕೆ ಒಂಬತ್ತು ಕಿಲೋಮೀಟರ್ ನಡಿಗೆ. ಹೆಂಗಸರು ಕೆಲಸಕ್ಕೆ ಹೊರಡುವ ಮುನ್ನ ಹಿಡಿಯಬೇಕು. ಗೀರು ಕಂಡ ಆ ಬೆಳಗಿನ ನಂತರ ಶ್ರಾವ್ಯಾಳನ್ನು ಐದು ಸಲ ಆಸ್ಪತ್ರೆಗೆ ಕರೆದೊಯ್ದು, ಡ್ರಿಪ್‌ನಲ್ಲಿ ಕಬ್ಬಿಣಾಂಶ ಹಾಕಿಸಿದರು. ಸೊಪ್ಪು, ಮೊಟ್ಟೆ, ಕಾಳಿನ ಹೊಣೆ ದುರ್ಗಮ್ಮನಿಗೇ ವಹಿಸಿದರು. ಎರಡು ತಿಂಗಳು ಹೀಗೇ ನಡೆಯಿತು. ಹೋದ ವಾರ ಹೆರಿಗೆಯಾಯಿತು. ರಕ್ತ ಜಾಸ್ತಿಯೇ ಹೋಯಿತು, ಶ್ರಾವ್ಯಾ ತಡೆದುಕೊಂಡಳು. ಎರಡು ಕಿಲೋ ಏಳುನೂರು ಗ್ರಾಂ ತೂಗುವ ಹೆಣ್ಣುಮಗು. ದುರ್ಗಮ್ಮ ಗೋಡೆಗೆ ಹೊಸ ಮಣ್ಣು ಮೆತ್ತಿ ಸಾರಿಸಿದ್ದಾರೆ.

ಹಾಗಾದರೆ ದೆವ್ವ ಇಲ್ಲವೇ ಎಂದು ಕೇಳಿದರೆ ಗುತ್ಯಮ್ಮ ಚಪ್ಪಲಿ ಮೆಟ್ಟಿ, ಚೀಲ ಹೆಗಲಿಗೇರಿಸಿ, ಅಂಗಳಕ್ಕೆ ಇಳಿಯುತ್ತಾರೆ.

"ಬೆಳಗಿನ ಜಾವ ನಂಗೆ ಈಗ್ಲೂ ಆ ಸದ್ದು ಕೇಳ್ತದೆ. ನಮ್ಮನೇದು ಸಿಮೆಂಟ್ ಗೋಡೆ. ಅಕ್ಕನೇ ಇರ್ಬೇಕು. ಯಾರ ಮನೇಲಿ ಬಸುರಿ ಮಣ್ಣು ತಿಂತಿದಾಳೆ ಅಂತ ಮಾತ್ರ ಹೇಳಲ್ಲ. ಅದಕ್ಕೇ ಎಲ್ಲಾ ಮನೆಗೂ ಹೋಗ್ತೀನಿ."